ಇಂದಿನ ಧಮ್ಮ ಚಿಂತನೆ: ಮಷಿನ್ ಯಾಕೆ ಚಾಲೂ ಆಗಲಿಲ್ಲ?





ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಹೊಲದ ಬದು, ಹಳ್ಳದ ದಂಡೆಯ ಬಳ್ಳಾರಿ ಜಾಲಿ ಕಡಿಯುವ ನಮ್ಮ ಹುಡುಗರ ಕೈಗೆ ಕೊಡಲಿಯ ಬದಲು ಪೆಟ್ರೋಲ್ ಚೈನ್ ಮಷಿನ್ ಬಂದಿದೆ. ಬೆಳಿಗ್ಗೆ ಹತ್ತು ಸಲ ಹಗ್ಗ ಜಗ್ಗಿದರೂ ಅದು ಚಾಲೂ ಆಗದಿದ್ದರೆ ಅಂದಿನ ಕೂಲಿಗೆ ಕುತ್ತು. ಆಗ ಮಾತು ಏಳುತ್ತವೆ: "ಅಮಾಸಿ ದಿನ ತೆಗಿಬಾರ್ದಿತ್ತು." "ದೃಷ್ಟಿ ಆಗ್ಯಾದ, ನಿಂಬಿಹಣ್ಣು ಕಟ್ರಿ." "ಇವತ್ತ ಯಾರ ಮಾರಿ ನೋಡಿ ಬಂದೇವೋ!"

ಈ ಕೊನೆಯ ಮಾತು ಯಾರ ಮೇಲೆ ಬೀಳುತ್ತದೆ? ಎದುರಿಗೆ ಬಂದ ವಿಧವೆಯ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ ಬಡ ಹುಡುಗನ ಮೇಲೆ. ತಲೆಮಾರುಗಳ ಕಾಲ ನಮ್ಮ ನೆರಳನ್ನೇ ಅಪಶಕುನ ಎಂದರು. ಆ ಮಾತಿನ ಪೆಟ್ಟು ತಿಂದ ನಾವು ಅದನ್ನೇ ಇನ್ನೊಬ್ಬರಿಗೆ ಆಡಬಹುದೇ?

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಅವರ ಪರಿನಿಬ್ಬಾಣದ ನಂತರ, 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಾವುದು ಧಮ್ಮವಲ್ಲ ಎಂದು ವಿವರಿಸುವಾಗ ಮೊದಲು ಎತ್ತಿಕೊಂಡದ್ದೇ ಅಲೌಕಿಕ ಶಕ್ತಿಯ ಮೇಲಿನ ನಂಬಿಕೆಯನ್ನು. ಪ್ರತಿ ಘಟನೆಗೂ ಕಾರಣವಿದೆ. ಅದು ಮನುಷ್ಯನ ಕೆಲಸದಲ್ಲಿರಬೇಕು ಇಲ್ಲವೇ ನಿಸರ್ಗದ ನಿಯಮದಲ್ಲಿರಬೇಕು ಎಂಬುದು ಅಲ್ಲಿಯ ಸಾರ. ಪ್ರತೀತ್ಯ ಸಮುತ್ಪಾದ ಎಂದರೂ ಇದೇ.

ಹಾಗಾದರೆ ಕಾರಣ ಹುಡುಕೋಣ. ಎಂಜಿನ್‌ಗೆ ಬೇಕಾದದ್ದು ಮೂರು: ಪೆಟ್ರೋಲ್, ಗಾಳಿ, ಕಿಡಿ. ಯಾವುದು ತಪ್ಪಿದೆ ಎಂದು ಪ್ಲಗ್ಗೇ ಹೇಳುತ್ತದೆ. ಸ್ವಿಚ್ ಬಂದ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ನೋಡಿ.

▪️ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್, ಕಾರ್ಬೊರೇಟರ್ ನೋಡಬೇಕು.

▪️ ತೋಯ್ದಿದ್ದರೆ ಚೋಕ್ ಎಳೆದಿಟ್ಟೇ ಬಹಳ ಸಲ ಜಗ್ಗಿರಬಹುದು. ಪ್ಲಗ್ ಒರೆಸಿ ಒಣಗಿಸಿ. ಚೋಕ್ ತೆಗೆದು, ಸ್ವಿಚ್ ಬಂದ್ ಇಟ್ಟೇ ಕೆಲವು ಸಲ ಹಗ್ಗ ಜಗ್ಗಿ, ಒಳಗೆ ತುಂಬಿದ ಪೆಟ್ರೋಲ್ ಹೊರಹಾಕಿ. ಹತ್ತಿರ ಬೀಡಿ ಬೇಡ. ಆಮೇಲೂ ಚಾಲೂ ಆಗದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ.

▪️ ಚಾಲೂ ಆಗಿ, ರೇಸ್ ಕೊಟ್ಟಾಗ ಸತ್ತರೆ ಏರ್ ಫಿಲ್ಟರ್‌ನಲ್ಲಿ ಮರದ ಹೊಟ್ಟು, ಸೈಲೆನ್ಸರ್ ಬಾಯಲ್ಲಿ ಮಸಿ ಕಟ್ಟಿದೆಯೇ ನೋಡಿ.

▪️ ರೇಸ್ ಬಿಟ್ಟರೂ ಚೈನ್ ತಿರುಗುತ್ತಿದ್ದರೆ ಆ ಮಷಿನ್ ಹಿಡಿಯಬೇಡಿ. ಮೊದಲು ಸ್ಲೋ ಸ್ಕ್ರೂ, ಕ್ಲಚ್ ಸರಿಪಡಿಸಿ.

ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸಲೇಬೇಕು. ಹಲವು ಮಷಿನ್‌ಗಳಿಗೆ ಲೀಟರ್‌ಗೆ 20 ಮಿ.ಲೀ.; ನಿಮ್ಮ ಮಷಿನ್‌ನ ಪುಸ್ತಕದಲ್ಲಿ ಇರುವಷ್ಟೇ ಹಾಕಿ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಆ ಫಲಕ್ಕೆ ಹೋದ ಜನ್ಮದ ಕರ್ಮ ಹುಡುಕಬೇಕಿಲ್ಲ, ನಿನ್ನೆಯ ಡಬ್ಬಿ ನೋಡಿದರೆ ಸಾಕು. ಬಂದು ನೋಡು ಎಂಬ ಬುದ್ಧರ ಕರೆ, 'ಏಹಿಪಸ್ಸಿಕೋ', ಜಾಲಿ ಮರದ ಬುಡದಲ್ಲೂ ಸಲ್ಲುತ್ತದೆ.

ಇಲ್ಲಿ ಶೀಲವೂ ಇದೆ. ಮದ್ಯ ಬಿಡುವುದು ಪಂಚಶೀಲದಲ್ಲಿದೆ, ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲೂ ಇದೆ. ಕುಡಿದ ಕೈಗೆ ಚೈನ್ ಮಷಿನ್ ಸಿಕ್ಕರೆ ಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ. ಮೈ ಮೇಲೆ ಎಚ್ಚರ ಇರುವುದೇ ಆ ಹೊತ್ತಿನ ಸಮ್ಮಾಸತಿ.

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ 'ರಾಯೋ ಅಸೋಕೋ' ಎಂಬ ಹೆಸರಿನೊಂದಿಗೆ ಅವನ ಶಿಲ್ಪವೇ ಇದೆ. ಅದೇ ಅಶೋಕ ಬೇರೆಡೆಯ ತನ್ನ ಒಂಬತ್ತನೆಯ ಬಂಡೆಗಲ್ಲು ಶಾಸನದಲ್ಲಿ, ಕಾಯಿಲೆ, ಮದುವೆ, ಪ್ರಯಾಣಕ್ಕೆಂದು ಜನ ಮಾಡುವ ಶಾಸ್ತ್ರಗಳಿಂದ ಬರುವ ಫಲ ಅಲ್ಪ ಎಂದು ಬರೆಸಿದ. ದೊಡ್ಡ ಫಲ ಕೊಡುವುದು ಧಮ್ಮದ ಮಂಗಲ. ಅದರಲ್ಲಿ ಮೊದಲು ಹೇಳಿದ್ದು ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದನ್ನು.

*ಇಂದಿನ ಅಭ್ಯಾಸ:* ಮಷಿನ್ ಇರಲಿ, ಬೋರ್ ಮೋಟಾರ್ ಇರಲಿ, ಮಗುವಿನ ಜ್ವರ ಇರಲಿ, "ನಸೀಬ" ಎನ್ನುವ ಮೊದಲು "ಕಾರಣ ಏನು?" ಎಂದು ಕೇಳೋಣ. ಜೊತೆಗೆ ದುಡಿಯುವ ಹುಡುಗನ ಕಾಲ್ಗುಣ ಎಣಿಸದೆ, ಅವನ ಕೈಗೂ ಪ್ಲಗ್ ಪಾನ ಕೊಟ್ಟು ಕಲಿಸೋಣ.

ಮನೆಯಲ್ಲಿ ಎಲ್ಲರೂ ಕೂಡಿ ಓದಿ, ಚರ್ಚಿಸಿ.

ನಮೋ ಬುದ್ಧಾಯ, ಜೈ ಭೀಮ್ ☸️