ಇನ್ನೊಂದು ಪ್ರತಿ

ಯಶವಂತಪುರದಿಂದ ಪೀಣ್ಯದವರೆಗೆ ತುಮಕೂರು ರಸ್ತೆಯ ಎಡಬಲಕ್ಕಿರುವ ಸಣ್ಣ ಶೆಡ್ಡುಗಳಲ್ಲಿ ಈಗ ಕೆಲಸ ಶುರುವಾಗುವುದು ಫೋನಿನಿಂದ. ದೊಡ್ಡ ಕಂಪನಿಯ ಪರ್ಚೇಸ್ ವಿಭಾಗ ಪಿಓ, ಎಂದರೆ ಪರ್ಚೇಸ್ ಆರ್ಡರ್, ಕಳಿಸುತ್ತದೆ, ಅದರ ಬೆನ್ನಿಗೇ ಡ್ರಾಯಿಂಗ್ ಬರುತ್ತದೆ. ಮಾಲೀಕರು ಲೇತಿನ ಪಕ್ಕದಲ್ಲಿ ನಿಂತಲ್ಲೇ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು, ಎರಡು ಬೆರಳಿನಲ್ಲಿ ಡ್ರಾಯಿಂಗನ್ನು ಹಿಗ್ಗಿಸಿ ಅಳತೆ ಓದುತ್ತಾರೆ. ರೇಟಿನ ಚೌಕಾಸಿ, ಡೆಲಿವರಿಯ ತಾರೀಖು, ಮಾಲು ತಲುಪಿತೆಂಬ ಒಪ್ಪಿಗೆ, ರಿಜೆಕ್ಷನ್ನಿನ ತಕರಾರು, ಎಲ್ಲವೂ ಮೇಲ್‌ನಲ್ಲೇ. ಮೂಲೆಯಲ್ಲಿ ಆಫೀಸೆಂದು ಒಂದು ಕೋಣೆ ಇದ್ದರೂ ಅಲ್ಲಿರುವುದು ದೇವರ ಪಟ, ಮೇಜು, ಸ್ಯಾಂಪಲ್ ಪೀಸುಗಳು. ನಿಜವಾದ ಕಡತ ಜೇಬಿನಲ್ಲಿರುತ್ತದೆ.

ಆ ಕಡತ ಒಂದು ಬೆಳಿಗ್ಗೆ ಖಾಲಿಯಾದಾಗ ಏನೇನು ಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಹುಕಾಲದಿಂದ ಪರಿಚಯವಿರುವ ಶೆಡ್ ಮಾಲೀಕರೊಬ್ಬರಿಗೆ ಅವರ ಮೇಲ್ ಸೇವೆಯವರು ಅಪ್‌ಗ್ರೇಡ್ ಮಾಡುತ್ತಿದ್ದೇವೆ ಎಂದು ತಿಳಿಸಿದರು. ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೊಂದು ಬಟನ್. ಇವರು ಒತ್ತಿದರು. ಹೊಸ ಆ್ಯಪ್ ಬಂತು, ಪಾಸ್‌ವರ್ಡ್ ಕೇಳಿತು, ತೆರೆದುಕೊಂಡಿತು. ಒಳಗೆ ಅಂದು ಬಂದ ಮೇಲ್ ಮಾತ್ರ. ಹಳೆಯ ಪಿಓಗಳಿಲ್ಲ, ಡ್ರಾಯಿಂಗಿನ ರಿವಿಷನ್ನುಗಳಿಲ್ಲ, ಇವರೇ ಕಳಿಸಿದ್ದ ಕೊಟೇಷನ್ನುಗಳೂ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ವಿನಯದಿಂದಲೇ, "ಅವು ನಮ್ಮ ಸರ್ವರ್‌ನಲ್ಲಿ ಇರಲೇ ಇಲ್ಲವಲ್ಲ ಸರ್" ಎಂದಳು. ಆಕೆ ಹೇಳಿದ್ದು ನಿಜವಾಗಿತ್ತು.

ಇದರ ಹಿಂದೆ ಒಂದು ಹಳೆಯ ಏರ್ಪಾಡಿದೆ. ಪಿಓಪಿ ಎಂಬ ಪದ್ಧತಿ ರೂಪುಗೊಂಡದ್ದು 1984ರಲ್ಲಿ. ಸರ್ವರಿಗೆ ಬಂದ ಮೇಲನ್ನು ಬಳಸುವವರ ಯಂತ್ರಕ್ಕೆ ಇಳಿಸಿ, ಸರ್ವರಿನಿಂದ ಅಳಿಸಿಬಿಡುವುದು ಅದರ ರೂಢಿ. ಅಂಚೆ ಕಚೇರಿಯ ಪೆಟ್ಟಿಗೆಯಿಂದ ಕಾಗದ ಮನೆಗೆ ತಂದುಕೊಂಡ ಹಾಗೆ. ಅದು ಅವಿವೇಕವೇನಲ್ಲ. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ 1996ರ ಜುಲೈ 4ರಂದು ಜ್ಯಾಕ್ ಸ್ಮಿತ್ ಜೊತೆಗೂಡಿ ಹಾಟ್‌ಮೇಲ್ ಶುರು ಮಾಡಿದಾಗ ಒಬ್ಬೊಬ್ಬರಿಗೆ ಸಿಕ್ಕ ಜಾಗ 2 ಎಂಬಿ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆಂದಾಗ ಎಷ್ಟೋ ಜನ ಅದನ್ನು ಏಪ್ರಿಲ್ ಫೂಲ್ ಎಂದೇ ತಿಳಿದರು. ಅಂಥ ಇಕ್ಕಟ್ಟಿನ ಕಾಲದಲ್ಲಿ ಯಾರೋ ಮಾಡಿಕೊಟ್ಟ ಸೆಟ್ಟಿಂಗ್ ಈ ಶೆಡ್ಡಿನವರ ಜೊತೆ ಫೋನಿನಿಂದ ಫೋನಿಗೆ ಬಂದಿತ್ತು. ಜಾಗ ನೂರಾರು ಪಟ್ಟು ಹಿಗ್ಗಿತು, ಸೆಟ್ಟಿಂಗ್ ಮಾತ್ರ ಇದ್ದಲ್ಲೇ ಇತ್ತು. ಹೊಸ ಆ್ಯಪ್ ಹಳೆಯದನ್ನು ತೆಗೆದುಹಾಕಿದಾಗ, ಹಳೆಯ ಆ್ಯಪಿನ ಹೊಟ್ಟೆಯಲ್ಲಿ ಮಾತ್ರವಿದ್ದ ಅಷ್ಟೂ ವರ್ಷಗಳ ವ್ಯವಹಾರ ಅದರ ಜೊತೆಯಲ್ಲೇ ಹೋಯಿತು.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಐಮ್ಯಾಪ್ ಪದ್ಧತಿಯಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ. ಆದರೆ ಅಲ್ಲೂ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಸಿಂಕ್ ಆಗಿದೆ ಎಂದು ಪರದೆ ಹೇಳಿದ್ದನ್ನು ಜೋಪಾನವಾಗಿದೆ ಎಂದು ಓದಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ.

ಮೇಲ್ ಹೋದ ಮೇಲೆ ಆ ಮಾಲೀಕರು ಒಂದೊಂದೇ ಕಂಪನಿಗೆ ಫೋನ್ ಹಚ್ಚಿದರು. "ಸಾರ್, ನಮ್ಮ ಮೇಲ್ ಎಲ್ಲಾ ಹೊರಟೋಯ್ತು. ನೀವು ಕಳಿಸಿದ್ದ ಪಿಓ ಇನ್ನೊಂದ್ಸಲ ಹಾಕ್ತೀರಾ?" ನಾನು ಎದುರಿಗೇ ಕೂತಿದ್ದೆ. ಕೆಲವರು ಮಾತು ಮುಗಿಯುವ ಮೊದಲೇ "ಹಾಕ್ತೀನಿ ಬಿಡಿ" ಎಂದರು. ಕೆಲವರು "ನೋಡೋಣ" ಎಂದರು. ಒಬ್ಬರು ಮಾತ್ರ, "ಹಳೇದೆಲ್ಲ ಈಗ ಯಾಕೆ?" ಎಂದು ಕೇಳಿದರು, ಮತ್ತು ಆ ಪ್ರಶ್ನೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಮಾಲು ಸರಿಯಾಗಿ ಮಾಡಿಕೊಟ್ಟವರು, ಹೇಳಿದ ದಿನಕ್ಕೆ ತಲುಪಿಸಿದವರು, ಬಾಕಿ ಬರಬೇಕಾದವರು ಇವರು. ಆದರೂ ದನಿ ತಗ್ಗಿಸಿ ಕೇಳುತ್ತಿದ್ದವರೂ ಇವರೇ. ಬರೆದದ್ದು ಯಾರ ಬಳಿ ಉಳಿದಿದೆಯೋ ಬಲವೂ ಅವರ ಬಳಿಯೇ ಉಳಿಯುತ್ತದೆ ಎಂಬುದು ಆ ಅರ್ಧ ಗಂಟೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಯಶವಂತಪುರಕ್ಕೆ ಈ ಸಂಗತಿ ಹೊಸದಲ್ಲ. ಇಲ್ಲಿಯ ಎಪಿಎಂಸಿ ಯಾರ್ಡಿಗೆ ಮಾಲು ತರುವ ಯಾವ ರೈತರನ್ನು ಕೇಳಿದರೂ ತಕ್‌ಪಟ್ಟಿಯ ಬೆಲೆ ಹೇಳುತ್ತಾರೆ. ತೂಕ, ದರ, ಕಳೆದ ಖರ್ಚು, ಕೈಗೆ ಬರಬೇಕಾದ ಹಣ, ಇಷ್ಟನ್ನೂ ಬರೆದು ಕೊಟ್ಟರೆ ರೈತ ನಾಳೆ ಬಂದು ಕೇಳಬಹುದು. ಅದರ ಬದಲು ಬಿಳಿ ಚೀಟಿಯಲ್ಲಿ ಮೊತ್ತ ಗೀಚಿ ಕೊಡುವ ಚಾಳಿಯ ಬಗ್ಗೆ ರಾಜ್ಯದ ಮಾರುಕಟ್ಟೆಗಳಲ್ಲಿ ರೈತರು ಎಷ್ಟು ಕಾಲದಿಂದ ದೂರುತ್ತಿದ್ದಾರೆ! ಬಿಳಿ ಚೀಟಿ ಹಿಡಿದ ರೈತನದೂ ಮೇಲ್ ಕಳೆದುಕೊಂಡ ಶೆಡ್ಡಿನವರದೂ ಒಂದೇ ಸ್ಥಿತಿ. ಸತ್ಯ ಇವರದು, ದಾಖಲೆ ಎದುರಿನವರದು.

ಕಾನೂನು ಸಣ್ಣವರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಒಪ್ಪಂದ ಏನೇ ಇರಲಿ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆದರೆ ಆ 45 ದಿನ ಯಾವ ದಿನದಿಂದ? ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಬರದಿದ್ದರೆ ಮಾತ್ರ ತಲುಪಿದ ದಿನವೇ ಒಪ್ಪಿದ ದಿನ. ತಕರಾರು ಬಂದಿತ್ತೇ, ಬಂದದ್ದು ಯಾವತ್ತು, ಅದು ಬಗೆಹರಿದದ್ದು ಯಾವತ್ತು, ಇವೆಲ್ಲ ಇರುವುದು ಮೇಲ್‌ನ ನೆತ್ತಿಯ ಮೇಲಿನ ತಾರೀಖಿನಲ್ಲಿ. ಜಿಎಸ್‌ಟಿ ಕಾನೂನು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು ಎನ್ನುತ್ತದೆ. ಕಾನೂನು ಆರು ವರ್ಷ ನೆನಪಿಡಲು ಹೇಳುವುದನ್ನು ಒಂದು ಬಟನ್ ಒಂದು ರಾತ್ರಿಯಲ್ಲಿ ಮರೆಸಬಲ್ಲದು.

ಹೀಗಿರುವಾಗ, ಕಳೆದುಕೊಂಡವರಿಗೆ ಬುದ್ಧಿ ಹೇಳುವುದು ಸುಲಭ. ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು, ಪ್ರಿಂಟ್ ತೆಗೆಸಬೇಕಿತ್ತು, ಒತ್ತುವ ಮೊದಲು ಓದಬೇಕಿತ್ತು. ಈ ಮಾತುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ಮೇಲ್ ಎಂದಮೇಲೆ ಕಳಿಸಿದವರೊಬ್ಬರಿದ್ದಾರೆ, ಪಡೆದವರೊಬ್ಬರಿದ್ದಾರೆ. ಒಬ್ಬರ ಪ್ರತಿ ಹೋದರೂ ಇನ್ನೊಬ್ಬರದು ಉಳಿದಿರುತ್ತದೆ. ಉಳಿದ ಪ್ರತಿ ಯಾರ ಸ್ವತ್ತು? ನನ್ನ ಇನ್‌ಬಾಕ್ಸಿನಲ್ಲಿದೆ, ಆದ್ದರಿಂದ ನನ್ನದು ಎನ್ನಬಹುದು. ಆದರೆ ಅದರಲ್ಲಿರುವುದು ಇಬ್ಬರೂ ಒಪ್ಪಿದ ಮಾತು. ಎದುರಿನವರ ಪ್ರತಿ ಇರುವವರೆಗೆ ಅದು ಬರೀ ನನ್ನ ಕಾಗದ. ಅವರದು ಹೋದ ಕ್ಷಣದಿಂದ ಅವರ ಪಾಲಿನ ಮಾತಿಗೂ ನಾನೇ ಕಾವಲುಗಾರ. ಅವರು ನನ್ನನ್ನು ಆರಿಸಿಕೊಂಡಿಲ್ಲ, ನಾನು ಒಪ್ಪಿಕೊಂಡಿಲ್ಲ. ಆದರೂ ಹೊಣೆ ಬಂದು ಕೂತಿದೆ.

ಆ ಹೊಣೆಯನ್ನು ಒಬ್ಬ ಹುಡುಗ ಹೊತ್ತದ್ದನ್ನೂ ಹೇಳಬೇಕು. ಹಿಂದೊಮ್ಮೆ ಒಂದು ಲಾಟ್ ಬುಷ್‌ಗಳ ಬೋರ್ ಡ್ರಾಯಿಂಗಿನ ಅಳತೆಗಿಂತ ಕೆಲವು ಮೈಕ್ರಾನ್ ಹೆಚ್ಚಾಗಿತ್ತು. ಶೆಡ್ಡಿನವರು ಮುಚ್ಚಿಡದೆ ತಿಳಿಸಿದ್ದರು. ಕಂಪನಿಯ ಕಿರಿಯ ಎಂಜಿನಿಯರ್ ಈ ಲಾಟ್‌ಗೆ ಮಾತ್ರ ನಡೆಯುತ್ತದೆ ಎಂದು ಡೀವಿಯೇಷನ್‌ಗೆ ಒಪ್ಪಿಗೆ ಕೊಟ್ಟು ಮೇಲ್ ಹಾಕಿದ್ದ. ಮೇಲಿನವರನ್ನು ಕೇಳಿರಲಿಲ್ಲ. ತಿಂಗಳುಗಳ ನಂತರ, ಇವರ ಮೇಲ್ ಹೋದ ಮೇಲೆ, ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಬಂದವರು ಅದೇ ಲಾಟ್ ಹಿಡಿದು ಡೆಬಿಟ್ ನೋಟ್ ಕಳಿಸಿದರು. ಒಪ್ಪಿಗೆಯ ಮೇಲ್ ಉಳಿದಿದ್ದದ್ದು ಆ ಹುಡುಗನ ಹತ್ತಿರ ಮಾತ್ರ. ಸುಮ್ಮನಿದ್ದರೆ ಅವನ ಕೂದಲೂ ಕೊಂಕುತ್ತಿರಲಿಲ್ಲ. ಕಳಿಸಿದರೆ ಕೇಳದೆ ಒಪ್ಪಿಗೆ ಕೊಟ್ಟದ್ದು ಬಯಲಾಗುತ್ತಿತ್ತು. ಅವನು ಆ ಮೇಲನ್ನು ಇವರಿಗೂ ತನ್ನ ಮ್ಯಾನೇಜರಿಗೂ ಒಟ್ಟಿಗೇ ಫಾರ್ವರ್ಡ್ ಮಾಡಿದ. ಡೆಬಿಟ್ ನೋಟ್ ವಾಪಸಾಯಿತು. ಅವನಿಗೆ ಬೈಗುಳ ಬಿತ್ತೆಂದು ಆಮೇಲೆ ತಿಳಿಯಿತು. ಆ ವಯಸ್ಸಿಗೆ ಅಷ್ಟು ನೇರವಾಗಿ ನಿಲ್ಲುವವರನ್ನು ಕಂಡರೆ ನನಗೆ ಗೌರವ ಉಕ್ಕುತ್ತದೆ.

ದೊಡ್ಡ ಸಂಸ್ಥೆಗಳೂ ಇಂಥ ಬೆಳಿಗ್ಗೆ ಕಂಡಿವೆ. 2011ರ ಫೆಬ್ರವರಿ 27ರಂದು ಜಿಮೇಲಿನ ಸ್ಟೋರೇಜ್ ಸಾಫ್ಟ್‌ವೇರಿಗೆ ಮಾಡಿದ ಅಪ್‌ಡೇಟ್‌ನಲ್ಲಿದ್ದ ದೋಷದಿಂದ ಒಂದಷ್ಟು ಜನರ ಮೇಲ್‌ಗಳು ಕಾಣೆಯಾದವು. ಬಳಕೆದಾರರಲ್ಲಿ ಶೇ 0.02 ಮಂದಿ ಎಂದು ಗೂಗಲ್ ಹೇಳಿತು. ಪ್ರತಿಯೊಂದು ಮೇಲ್‌ಗೂ ಬೇರೆಬೇರೆ ಡೇಟಾ ಸೆಂಟರುಗಳಲ್ಲಿ ಹಲವು ಪ್ರತಿಗಳಿದ್ದವು. ಅದೇ ದೋಷ ಆ ಪ್ರತಿಗಳನ್ನೂ ಮುಟ್ಟಿತು. ಕೊನೆಗೆ ಕಾಪಾಡಿದ್ದು ಟೇಪ್. ಜಾಲದಿಂದ ಹೊರಗೆ, ಅಪ್‌ಡೇಟಿನ ಕೈಗೆ ಸಿಗದೆ ಇದ್ದ ಟೇಪುಗಳಿಂದ ಮೇಲ್‌ಗಳನ್ನು ಮರಳಿ ತಂದರು. ಯಶವಂತಪುರದ ಶೆಡ್ಡಿನಲ್ಲಿ ಅಂಥ ಟೇಪ್ ಎಲ್ಲಿಂದ ಬರಬೇಕು? ಅವರ ಪಾಲಿಗೆ ಜಾಲದ ಹೊರಗಿರುವ ಪ್ರತಿ ಎಂದರೆ ಎದುರಿನ ಮನುಷ್ಯ.

ಹಾಗೆಂದು ಮೇಲ್ ಸೇವೆ ನಡೆಸುವವರನ್ನು ನಾನು ಸುಮ್ಮನೆ ಬಿಡಲಾರೆ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ, 1986ರಲ್ಲಿ ಶುರುವಾದ ಅರ್ನೆಟ್ ಎಂಬ ಕಂಪ್ಯೂಟರ್ ಜಾಲ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು. ದೇಶದಲ್ಲಿ ಇ-ಮೇಲ್ ಬೇರುಬಿಟ್ಟದ್ದು ಅಂಥ ಕೆಲವೇ ಆವರಣಗಳಲ್ಲಿ. ಅಂದು ಮೇಲ್ ವ್ಯವಸ್ಥೆ ಕಟ್ಟುವವರೂ ಅದನ್ನು ಬಳಸುವವರೂ ಒಂದೇ ಬಳಗದವರು. ಕೆಟ್ಟರೆ ತಮ್ಮದೂ ಕೆಡುತ್ತಿತ್ತು. ಇಂದು ಬಟನ್ ವಿನ್ಯಾಸ ಮಾಡುವವರಿಗೂ ಒತ್ತುವವರಿಗೂ ನಡುವೆ ಸಮುದ್ರಗಳಿವೆ. ದೂರ ಬೆಳೆದರೆ ಹೊಣೆ ಕರಗಬೇಕೇ? ಈ ಅಪ್‌ಗ್ರೇಡ್ ಆದ ಮೇಲೆ ನಿಮ್ಮ ಫೋನಿನಲ್ಲಿ ಮಾತ್ರ ಇರುವ ಹಳೆಯ ಮೇಲ್‌ಗಳು ಅಳಿಯುತ್ತವೆ ಎಂಬ ಒಂದು ಸಾಲನ್ನು, ಒತ್ತುವವರ ಭಾಷೆಯಲ್ಲಿ, ಬಟನಿಗಿಂತ ದೊಡ್ಡ ಅಕ್ಷರದಲ್ಲಿ ಹಾಕುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ. ಅದನ್ನು ಹಾಕದೆ ಇರುವುದು ಬಿಳಿ ಚೀಟಿ ಕೊಟ್ಟು ಕಳಿಸಿದಷ್ಟೇ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಆ ಶೆಡ್ಡಿನವರು ಈಗ ಹೊಸ ಸೇವೆಯಲ್ಲಿದ್ದಾರೆ. ವಾರಕ್ಕೊಮ್ಮೆ ಮಗಳು ಎಲ್ಲ ಮೇಲ್‌ಗಳನ್ನೂ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಡುತ್ತಾಳೆ. ಈಚೆಗೆ ಅವರಿಗೆ ಜಿಂಕ್ ಪ್ಲೇಟಿಂಗ್ ಮಾಡಿಕೊಡುವ ಪೀಣ್ಯದವರೊಬ್ಬರು ಫೋನ್ ಮಾಡಿದ್ದರು. "ಅಣ್ಣಾ, ಫೋನ್ ಕಳ್ದೋಯ್ತು, ಮೇಲ್ ಎಲ್ಲಾ ಅದ್ರಲ್ಲೇ ಇತ್ತು. ನಮ್ಮ ನಿಮ್ಮ ಮಧ್ಯೆ ಇದ್ದದ್ದೆಲ್ಲ ನಿಮ್ಮ ಹತ್ರ ಇದ್ರೆ ಕಳಿಸ್ಕೊಡಿ." ಈ ಸಲ ಕಾವಲು ಇವರದು. ಹುಡುಕಿ ಹುಡುಕಿ ಕಳಿಸುವಾಗ ಇವರೇ ಬರೆದಿದ್ದ ಒಂದು ಮೇಲ್ ಸಿಕ್ಕಿತು: ತಿಂಗಳ ಕೊನೆಯೊಳಗೆ ಬಾಕಿ ಪೂರ್ತಿ ಕೊಡುತ್ತೇನೆ. ಆ ತಿಂಗಳು ಕಳೆದು ಬಹಳ ದಿನವಾಗಿತ್ತು, ಬಾಕಿ ಅರ್ಧ ಉಳಿದಿತ್ತು, ಮತ್ತು ಪ್ಲೇಟಿಂಗಿನವರಿಗೆ ಅದರ ನೆನಪಿದ್ದಂತಿರಲಿಲ್ಲ. ಇವರು ಅದನ್ನೂ ಸೇರಿಸಿ ಕಳಿಸಿದರು. ಉಳಿದ ಬಾಕಿ ಆ ವಾರವೇ ಸಂದಾಯವಾಗಿದೆ. ತಡವಾದ ದಿನಗಳ ಬಡ್ಡಿಯ ಬಗ್ಗೆ ಇಬ್ಬರ ನಡುವೆ ಇನ್ನೂ ಮಾತುಕತೆ ನಡೆದಿದೆ, ಮೇಲ್‌ನಲ್ಲೇ.