ಸಿಲೊವಾಮಿನ ಬುರುಜು

1990ನೆಯ ಫೆಬ್ರವರಿ 14ರಂದು ಬೊಂಬಾಯಿಯಿಂದ 146 ಜನರನ್ನು ಹೊತ್ತುಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನವು ಬೆಂಗಳೂರಿನ ನಿಲ್ದಾಣವನ್ನು ಮುಟ್ಟುವದಕ್ಕೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಉರಿದುಹೋಯಿತು. 92 ಮಂದಿ ಸತ್ತರು, 54 ಮಂದಿ ಉಳಿದರು. ಇಳಿಯುವಾಗ ಯಂತ್ರಗಳ ಬಲವು ತೀರಾ ತಗ್ಗಿ ವೇಗವು ಕುಂದುತ್ತಿದ್ದದ್ದನ್ನು ಚಾಲಕರು ತಕ್ಕ ಸಮಯದಲ್ಲಿ ಗಮನಿಸಲಿಲ್ಲವೆಂದು ವಿಚಾರಣೆಯಿಂದ ತಿಳಿದುಬಂತು.

ಆದರೂ ಇಂಥ ಸುದ್ದಿ ಬಂದರೆ ಹನಕೆರೆಯ ಜಗುಲಿಗಳಲ್ಲಿ ನಾವು ಏನನ್ನುತ್ತೇವೆ? ‘ಯಾವ ಪಾಪದ ಫಲವೋ!’ ಎನ್ನುತ್ತೇವೆ. (ಮದ್ದೂರಿನ ದಾರಿಯಲ್ಲಿ ಬಸ್ಸು ಮಗುಚಿದರೂ ಅದೇ ಮಾತು.) ಸಿಲೊವಾಮಿನ ಬುರುಜಿನಡಿ ಸತ್ತ 18 ಮಂದಿ ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಕರ್ತನು ತಿಳಿಸಿದನಲ್ಲವೇ? ಹಾಗಾದರೆ ಉಳಿದ 54 ಮಂದಿಯೂ ನೀತಿವಂತರಾದದರಿಂದ ಉಳಿದವರಲ್ಲ.

ನಾವೇ ಒಮ್ಮೆ ಸಾವಿನ ಮನೆಯಲ್ಲಿ ಅಂಥ ಮಾತನ್ನಾಡಿದೆವು. ಆ ತಾಯಿಯು ಏನೂ ಅನ್ನದೆ ಸೆರಗಿನಿಂದ ಮುಖವನ್ನು ಮುಚ್ಚಿಕೊಂಡಳು.