ಕೇಳುವವರಿಲ್ಲದ ಖಾತೆ

ಯಾರಿಗೂ ಉಪಯೋಗಕ್ಕೆ ಬಾರದ, ಹೆಚ್ಚಿನವರು ಕಂಡೇ ಇರದ ಒಂದು ಜೀವಿಗೆ ಬದುಕುವ ಹಕ್ಕುಂಟೇ? ಉಂಟು ಎನ್ನುವುದು ಸುಲಭ. ಆ ಹಕ್ಕಿಗಾಗಿ ಯಾರು ಏನನ್ನು ಬಿಟ್ಟುಕೊಡಬೇಕು ಎಂದಾಗ ನಾಲಗೆ ತಡವರಿಸುತ್ತದೆ.

ನಮ್ಮ ವಯನಾಡಿನ ಕುರಿಚ್ಯರ್‌ಮಲೆಯ ಕಪ್ಪೆಯನ್ನೇ ನೋಡಿ. 2010ರಲ್ಲಿ ಎಸ್. ಪಿ. ವಿಜಯಕುಮಾರ್ ಮತ್ತು ಸಂಗಡಿಗರ ಕಣ್ಣಿಗೆ ಬಿದ್ದ ಇದು ಹೊಸ ಕುಲವೆಂದು ಪ್ರಕಟವಾದದ್ದು 2019ರಲ್ಲಿ. ಎರಡು-ಮೂರು ಸೆಂಟಿಮೀಟರು ಉದ್ದ, ಕಂದು ಮೈಮೇಲೆ ನಕ್ಷತ್ರಗಳಂತೆ ತಿಳಿಚುಕ್ಕೆ, ಕಿತ್ತಳೆ ಹೊಟ್ಟೆ. ರಾತ್ರಿಯ ಜೀವಿ, ಸದ್ದಾದರೆ ತರಗೆಲೆಯಡಿಗೆ ನುಸುಳುತ್ತದೆ. ಹತ್ತಿರದ ಬಂಧುಗಳಿಂದ ಇದರ ವಂಶ ಕವಲೊಡೆದು ಆರೇಳು ಕೋಟಿ ವರ್ಷವಾಯಿತೆಂದು ಅಂದಾಜು. ಹೆಸರು ಆಸ್ಟ್ರೋಬ್ಯಾಟ್ರಾಕಸ್ ಕುರಿಚಿಯಾನ. ಪಳಶ್ಶಿರಾಜನ ಪರ ಬಿಲ್ಲು ಹಿಡಿದ ಕುರಿಚ್ಯರ ಹೆಸರು ಹೀಗೆ ಕಪ್ಪೆಗೂ ಸಂದಿತು. ಸಂಕುಚಿತ ಬುದ್ಧಿಯವನನ್ನು ಕೂಪಮಂಡೂಕವೆಂದು ಹಳಿಯುವವರು ನಾವು. ಈ ಬಡಪಾಯಿ ಆ ವಿಜ್ಞಾನಿಗಳಿಗೆ ಸಿಕ್ಕಿದ್ದು ಅದೊಂದೇ ಬೆಟ್ಟಸಾಲಿನಲ್ಲಿ.

ಕಾಡು ಉಳಿದರೆ ಗುಡ್ಡ ಉಳಿಯುತ್ತದೆ, ಆದ್ದರಿಂದ ಕಪ್ಪೆಯನ್ನು ಉಳಿಸಿ ಎನ್ನುವವರುಂಟು. 2018ರ ಮಳೆಗಾಲದಲ್ಲಿ ಆ ಮಲೆಯೂ ಕುಸಿದದ್ದನ್ನು ಕಂಡವರಿಗೆ ಈ ಮಾತು ನಾಟುತ್ತದೆ. ಆದರೆ ಇದು ಕಾಡಿನ ಪರವಾದ ವಾದ, ಕಪ್ಪೆಯ ಪರವಾದದ್ದಲ್ಲ. ನಾಳೆ ಕಾಂಕ್ರೀಟು ಗೋಡೆಯೇ ಗುಡ್ಡವನ್ನು ಹಿಡಿದು ನಿಲ್ಲಿಸಿದರೆ ಕಪ್ಪೆಯ ಹಕ್ಕು ರದ್ದಾದೀತೇ?

ನನಗೆ ನೆನಪಾಗುವುದು ನಮ್ಮ ಬ್ಯಾಂಕಿನ ನಿಯಮ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ವಾರಸುದಾರ ಎಂದು ಬಂದರೂ ಕೊಡಲೇಬೇಕು. ಕೇಳಲು ಯಾರೂ ಬರಲಿಲ್ಲ ಎಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ. ಕಪ್ಪೆಗೆ ಕಾಗದಪತ್ರ ಹಿಡಿದು ಬರುವ ವಾರಸುದಾರನಿಲ್ಲ, ನಿಜ. ಹಾಗಿರುವಾಗ ಲೆಕ್ಕ ಇಡುವವನ ಹೊಣೆ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು.

ಇದನ್ನು ಒಮ್ಮೆ ಹೇಳಿದಾಗ, ಒಳ್ಳೆಮೆಣಸಿನ ಬಳ್ಳಿ ಸೊರಗಿ ಕಂತು ಬಾಕಿಯಾಗಿದ್ದ ಹಿರಿಯರೊಬ್ಬರು, "ಕಪ್ಪೆಗೆ ಕಾಡು ಬೇಕು ಸರಿ ಸಾರ್. ನನ್ನ ಒಂದೂವರೆ ಎಕ್ರೆಯ ಲೆಕ್ಕ ಯಾರು ಇಡುತ್ತಾರೆ?" ಎಂದರು. ನ್ಯಾಯವಾದ ಮಾತು. ಈ ಜಿಲ್ಲೆಯ ಕಾಡು ಬೋಳಾದದ್ದರಲ್ಲಿ ಬ್ರಿಟಿಷರ ಕಾಲದಿಂದ ಬಂದ ಚಹಾ-ಕಾಫಿ ಎಸ್ಟೇಟುಗಳ ಪಾಲು ದೊಡ್ಡದು. ಆ ಸಾಲವನ್ನು ಒಂದೂವರೆ ಎಕ್ರೆಯವನ ಖಾತೆಗೆ ಖರ್ಚು ಬರೆದರೆ ಕಪ್ಪೆಯ ನ್ಯಾಯವೂ ಅನ್ಯಾಯವಾಗುತ್ತದೆ. ತೆರಬೇಕಾದವರು ಹೆಚ್ಚು ಪಡೆದವರು, ಅವರ ಪರವಾಗಿ ಸರಕಾರ.

ಹೀಗೆಂದಾಗ ಅವರು ನಕ್ಕು, "ಹಾಗಾದರೆ ಕಂತಿಗೆ ಎರಡು ತಿಂಗಳು ಸಮಯ ಕೊಡಿಸಿ" ಎಂದರು. ಅರ್ಜಿ ಬರೆದು ಮ್ಯಾನೇಜರರ ಮೇಜಿಗೆ ಕಳಿಸಿದೆ.